ಹಸಿ ಸಿಮೆಂಟು ಸದ್ದಿಲ್ಲದೆ ಸುಡುತ್ತದೆ

ನೆಲಕ್ಕೆ ಗಾರೆ ಹಾಕುವುದರಲ್ಲಿ ನಮ್ಮ ಮೇಸ್ತ್ರಿಯನ್ನು ಮೀರಿಸುವವರಿಲ್ಲ. ರಸಮಟ್ಟ ಇಡುವ ಮೊದಲೇ ಅವನ ಕಣ್ಣು ತಗ್ಗನ್ನು ಹಿಡಿಯುತ್ತದೆ. ಅವನು ತೀಡಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಆದರೆ ಆ ಕೆಲಸವೆಲ್ಲ ನಡೆಯುವುದು ಮಂಡಿಯ ಮೇಲೆ. ಹಸಿ ಸಿಮೆಂಟಿನಲ್ಲಿ ಮಂಡಿಯೂರಿ, ಹಿಂದಕ್ಕೆ ಸರಿಯುತ್ತಾ, ಕರಣೆಯಿಂದ ನಯ ಮಾಡಬೇಕು.

ಅಂದು ಅವನು ತನ್ನದೇ ಮನೆಯ ಹಿಂದಿನ ಕೋಣೆಗೆ ನೆಲ ಹಾಕುತ್ತಿದ್ದ. ಹೆಂಡತಿ ಗಾರೆ ಕಲಸಿ ಎತ್ತಿಕೊಡುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತಂಗಿ ರಜೆಯೆಂದು ಮನೆಗೆ ಬಂದವಳು ಬಾಗಿಲಲ್ಲೇ ನಿಂತಳು.

“ಅಣ್ಣಾ, ಪ್ಯಾಂಟು ಮಂಡಿ ಹತ್ರ ತೊಯ್ದು ತೊಪ್ಪೆ ಆಗಿದೆಯಲ್ಲ. ಯಾವಾಗಿಂದ ಹೀಗಿದೆ?”

“ಬೆಳಗ್ಗೆಯಿಂದ. ಸ್ವಲ್ಪ ಚುರುಚುರು ಅಂತಿದೆ, ಅಷ್ಟೇ. ಸಿಮೆಂಟಲ್ಲೇ ಹೊರಳಾಡಿ ದೊಡ್ಡವನಾದೋನು ನಾನು. ನಂಗೇನಾಗುತ್ತೆ?”

“ಏಳು ಮೇಲೆ. ಈಗ್ಲೇ ಏಳು.”

“ಅರ್ಧಕ್ಕೇ ಬಿಟ್ಟು ಏಳೋದಾ? ನೆಲ ಗಟ್ಟಿ ಆಗೋಗುತ್ತೆ ಕಣೇ!”

“ಆಗ್ಲಿ. ಒಡೆದು ಬೇರೆ ಹಾಕ್ಕೋ. ಕಾಲು ಹಾಗೆ ಹಾಕ್ಕೊಳ್ಳೋಕಾಗಲ್ಲ.”

ಗೊಣಗುತ್ತಲೇ ಬಚ್ಚಲಿಗೆ ಹೋಗಿ ಪ್ಯಾಂಟು ಕಳಚಿದ. ಮಂಡಿಯ ಚರ್ಮ ಬಿಳಿಚಿಕೊಂಡು ಮೆತ್ತಗಾಗಿತ್ತು. ಒಂದು ಕಡೆ ಸುಲಿದು ಕೆಂಪು ಮಾಂಸ ಕಾಣುತ್ತಿತ್ತು. ಅವನೇ ಬೆಚ್ಚಿಬಿದ್ದ. “ಇಷ್ಟಾದ್ರೂ ನೋವೇ ಗೊತ್ತಾಗ್ಲಿಲ್ವಲ್ಲ!”

ಹೆಂಡತಿ ಓಡಿಹೋಗಿ ನಿಂಬೆಹಣ್ಣು ಹೆಚ್ಚಿ ತಂದಳು. “ಇದನ್ನ ಹಿಂಡ್ತೀನಿ ತಡೀರಿ. ಹುಳಿ ಬಿದ್ರೆ ಸಿಮೆಂಟಿನ ಉರಿ ಇಳಿಯುತ್ತೆ.”

ತಂಗಿ ಅಡ್ಡ ಬಂದಳು. “ಬೇಡ ಅತ್ತಿಗೆ! ನಿಮ್ಮ ಲೆಕ್ಕ ಸರಿನೇ. ಹುಳಿಯೂ ಸಿಮೆಂಟೂ ಸೇರಿದ್ರೆ ಒಂದರ ಶಕ್ತಿ ಇನ್ನೊಂದು ಇಳಿಸುತ್ತೆ. ಆದ್ರೆ ಹಾಗೆ ಸೇರುವಾಗ ಬಿಸಿ ಹುಟ್ಟುತ್ತೆ. ಸುಟ್ಟ ಚರ್ಮಕ್ಕೆ ಮತ್ತೆ ಬಿಸಿ ಬೇಕಾ? ನೀರು ಬಿಡಿ, ಬರೀ ನೀರು.”

ನಲ್ಲಿ ತಿರುಗಿಸಿ ಅಣ್ಣನನ್ನು ಅದರ ಕೆಳಗೆ ಕೂರಿಸಿದಳು. “ಸಾಕಾಯ್ತಾ?” ಎಂದು ಅವನು ಕೇಳಿದಾಗೆಲ್ಲ “ಇನ್ನೂ ಇಲ್ಲ” ಎಂದಳು. ಅರ್ಧ ಗಂಟೆ ನೀರು ಹರಿದ ಮೇಲೇ ಆಸ್ಪತ್ರೆಗೆ ಹೊರಟರು. ಡಾಕ್ಟರು ಗಾಯ ನೋಡಿ, “ಇನ್ನಷ್ಟು ಹೊತ್ತು ಹಾಗೇ ಕೂತಿದ್ರೆ ಬೇರೆ ಕಡೆಯ ಚರ್ಮ ತೆಗೆದು ಇಲ್ಲಿಗೆ ಹಾಕಬೇಕಾಗ್ತಿತ್ತು. ಆಮೇಲೆ ಮಂಡಿಯೂರೋದೂ ಕಷ್ಟ” ಎಂದರು. ಮಂಡಿಯೂರದೆ ಮೇಸ್ತ್ರಿಯ ಮನೆಯ ಒಲೆ ಹತ್ತುವುದಿಲ್ಲ.

ಆದರೂ ಮನೆಗೆ ಬಂದು ಕಾಲು ಚಾಚಿ ಕೂತ ಮೇಲೆ ಅನುಮಾನ ಶುರುವಾಯಿತು. “ಮರಳು ಉಜ್ಜಿ ಗಾಯ ಆಗಿರ್ಬೇಕು. ಸುಡೋಕೆ ಸಿಮೆಂಟೇನು ಆಸಿಡ್ಡಾ?”

“ಆಸಿಡ್ ಅಲ್ಲ ಅಣ್ಣ, ಅದರ ಎದುರು ಪಾರ್ಟಿ. ತೋರಿಸ್ತೀನಿ ಇರು.”

ತಂಗಿ ನೇರಳೆ ಬಣ್ಣದ ಎಲೆಕೋಸು ಹೆಚ್ಚಿ ಕುದಿಸಿ, ಬಣ್ಣದ ನೀರನ್ನು ಲೋಟಗಳಿಗೆ ಸೋಸಿದಳು. ಒಂದಕ್ಕೆ ನಿಂಬೆರಸ ಹಿಂಡಿದಳು. ನೇರಳೆ ನೀರು ಗುಲಾಬಿಯಾಯಿತು. ಇನ್ನೊಂದಕ್ಕೆ ಸೋಪಿನ ನೀರು ಹಾಕಿದಳು. ನೀಲಿಗೆ ತಿರುಗಿತು. ಮೂರನೆಯದಕ್ಕೆ ಸಿಮೆಂಟು ನೆನೆದಿದ್ದ ತಿಳಿನೀರನ್ನು ಬಿಟ್ಟಳು. ಎಲ್ಲರ ಕಣ್ಣೆದುರೇ ಅದು ಹಚ್ಚಹಸಿರಾಯಿತು.

“ಗುಲಾಬಿ ಆದ್ರೆ ಆಮ್ಲ. ನಿಂಬೆ, ವಿನೆಗರ್, ಬ್ಯಾಟರಿ ಆಸಿಡ್ ಎಲ್ಲ ಆ ಕಡೆಯವು. ನೀಲಿ, ಹಸಿರು ಆದ್ರೆ ಕ್ಷಾರ. ಸೋಪು ಅದರಲ್ಲಿ ಸಾಧು. ಹಸಿ ಸಿಮೆಂಟು ಜೋರು. ಜೋರಾದ ಆಸಿಡ್ ಮೈಮೇಲೆ ಬಿದ್ರೆ ಆಗ್ಲೇ ಕಿರುಚ್ಕೋತೀವಿ. ಕ್ಷಾರ ಹಾಗಲ್ಲ, ಸುಮ್ನೆ ಕೂತು ಒಳಗೇ ಇಳಿಯುತ್ತೆ. ನಮ್ಮ ಚರ್ಮದ ಜಿಡ್ಡನ್ನೇ ಸೋಪು ಮಾಡಿಬಿಡುತ್ತೆ. ಸಿಮೆಂಟು ಕಲಸಿದ ಕೈ ಜಾರುತ್ತಲ್ಲ, ಅದಕ್ಕೇ.”

ಮೇಸ್ತ್ರಿ ಆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಹಾಲು ತಾ, ಬೂದಿ ತಾ, ಬಟ್ಟೆ ಒಗೆಯೋ ಪುಡಿ ತಾ! “ಇನ್ನು ನನ್ನ ಲೋಟ ಮುಟ್ಟಿದ್ರೆ ನೋಡಿ” ಎಂದು ಹೆಂಡತಿ ಗದರುವವರೆಗೂ ಬಿಡಲಿಲ್ಲ.

ಗಾಯ ಮಾಗಿ ಕೆಲಸಕ್ಕೆ ಹೋದ ದಿನ ಅವನ ಕಾಲಲ್ಲಿ ಉದ್ದನೆಯ ರಬ್ಬರ್ ಬೂಟು, ಮಂಡಿಗೆ ನೀರಿಳಿಯದ ದಪ್ಪ ಪಟ್ಟಿ, ಕೈಗೆ ಗ್ಲೌಸು. “ಏನ್ ಮೇಸ್ತ್ರಿ, ಚಂದ್ರಲೋಕಕ್ಕಾ?” ಎಂದು ಆಳುಗಳು ನಕ್ಕರು. ಅವನು ಸಿಟ್ಟಾಗಲಿಲ್ಲ. ಎಲ್ಲರನ್ನೂ ಕೂರಿಸಿ, ಪ್ಯಾಂಟು ಮಡಚಿ, ಕಲೆ ತೋರಿಸಿದ.

“ನೋಡ್ರಪ್ಪಾ, ನಂಗೆ ಕೆಲಸ ಗೊತ್ತಿತ್ತು. ಸರಕು ಗೊತ್ತಿರ್ಲಿಲ್ಲ. ನನ್ನ ತಂಗಿ ಕಲಿಸಿದ್ಲು. ನಿಮಗೂ ಬೂಟು ತಂದಿದೀನಿ, ಹಾಕ್ಕೊಳ್ಳಿ.”

ಊರೇ ಹೊಗಳುವ ಕೆಲಸಗಾರ ತನ್ನ ಆಳುಗಳ ಮುಂದೆ ಇಷ್ಟು ಹೇಳಬೇಕಾದರೆ ಎದೆ ದೊಡ್ಡದಿರಬೇಕು. ಅಂದು ಯಾರೂ ಮತ್ತೆ ನಗಲಿಲ್ಲ. ಒಬ್ಬೊಬ್ಬರಾಗಿ ಬೂಟಿಗೆ ಕಾಲು ತೂರಿಸಿದರು.

ಸಿಮೆಂಟು, ಸುಣ್ಣ ಮುಟ್ಟುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಉರಿಯಲಿ ಎಂದು ಕಾಯಬೇಡಿ. ಬಟ್ಟೆಗೆ ಹಸಿ ಸಿಮೆಂಟು ಇಳಿದರೆ ತಕ್ಷಣ ಕಳಚಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಕಣ್ಣಿಗೆ ಸಿಡಿದರೆ ಕಣ್ಣು ತೆರೆದು ಹಿಡಿದು ನೀರು ಬಿಡುತ್ತಲೇ ಇರಿ, ಆಮೇಲೆ ಆಸ್ಪತ್ರೆಗೆ ಓಡಿ. ನಿಂಬೆ ಬೇಡ, ವಿನೆಗರ್ ಬೇಡ. ನಿಮ್ಮ ಕೈಕಾಲನ್ನು ನಂಬಿಕೊಂಡು ಮನೆಯಲ್ಲಿ ಜನ ಇದ್ದಾರೆ. ನಾಳೆ ಕೆಲಸಕ್ಕೆ ಹೊರಡುವಾಗ ಬೂಟು ಹಾಕಿಕೊಂಡೇ ಹೊರಡಿ.