ದೊಡ್ಡವೆಂಕಟಪ್ಪನ ಹರಿಕೇನ್

"ಏನೋ ಒಂದು ಇಲ್ಲ ಕಣ್ಲಾ."

ಈ ಮಾತು ಕೇಳಿ ಕೇಳಿ ಆದಿನಾರಾಯಣನ ಕಿವಿ ತೂತು ಬಿದ್ದಿತ್ತು. ಯುಗಾದಿಯಿಂದ ಇದೇ ರಾಗ. ಹೇಳುವವನು ಅಪ್ಪ ದೊಡ್ಡವೆಂಕಟಪ್ಪ. ಹಿಂದಿನ ಮಹಾಯುದ್ಧದಲ್ಲಿ ಇಂಫಾಲದಲ್ಲಿದ್ದು, ಹರಿಕೇನ್ ಎಂಬ ಫೈಟರ್ ವಿಮಾನಕ್ಕೆ ಬಟ್ಟೆ ಹೊದಿಸಿ, ತಗಡು ತಿದ್ದಿ, ಚಕ್ರ ತೊಳೆದವನು. ಮಗ ಉರಿಗಾಂ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಬಡಗಿ. ಅಪ್ಪನ ಆ ವಿಮಾನವನ್ನೇ ಅಡಿಗೆ ಅರ್ಧ ಇಂಚಿನಂತೆ ಮರದಲ್ಲಿ ಮಾಡಿ, ಅಪ್ಪನ ಬಾಯಿಂದ ಒಂದೇ ಒಂದು ಸಲ "ಸರಿಯಾಗದೆ" ಅನ್ನಿಸಬೇಕು, ಅಷ್ಟೇ ಅವನ ಆಸೆ. ಇಷ್ಟು ಚಿಕ್ಕ ಆಸೆಗೆ ಎಷ್ಟು ಪಾಡು ನೋಡಿ!

ಮೊದಲು ಗಣಿಯ ಸಿಡಿಮದ್ದು ಬರುವ ಪೆಟ್ಟಿಗೆಯ ಮರ ಕೆತ್ತಿ ಮೈಯೆಲ್ಲ ನುಣುಪು ಮಾಡಿದ. ಅಪ್ಪ ಹೆಬ್ಬೆರಳಲ್ಲಿ ಸವರಿ ನೋಡಿದ.

"ಹಿಂದಿನರ್ಧ ಬಟ್ಟೆ ಕಣ್ಲಾ. ಒಳಗಿನ ಎಲುಬು ಎದ್ದು ಕಾಣ್ಬೇಕು, ಬಡಕಲು ಎಮ್ಮೆ ತರ."

"ಇದನ್ನ ಮೊದ್ಲೇ ಯೋಳೋಕಾಗ್ತಿರ್ಲಿಲ್ವಾ?"

"ನೀನು ಕೇಳಿದ್ಯಾ?"

ಹಿಂದಿನರ್ಧ ಕತ್ತರಿಸಿ ಬಿಸಾಕಿ, ಬಿದಿರು ಸೀಳಿ ಎಲುಬು ಕಟ್ಟಿ, ಅಮ್ಮನ ಹಳೇ ಸೀರೆಯ ಚೂರನ್ನು ಮೈದಾ ಗೋಂದಿನಲ್ಲಿ ಅದ್ದಿ ಹೊದಿಸಿದ. ಆಮೇಲೆ ಪೈಲಟ್ ಕೂರುವಲ್ಲಿನ ಗಾಜು ದಪ್ಪ ಅಂತಾಯಿತು. ಗಣಿ ಆಸ್ಪತ್ರೆಯ ಕಾಂಪೌಂಡರನ್ನು ಕಾಡಿ ಹಳೇ ಎಕ್ಸ್‌ರೇ ಫಿಲಂ ತಂದು, ಬಟ್ಟೆ ಒಗೆಯುವ ಸೋಡಾ ಕಲಸಿದ ನೀರಿನಲ್ಲಿ ನೆನೆಹಾಕಿ, ಯಾರದ್ದೋ ಪಕ್ಕೆಲುಬು ಮಾಯವಾಗುವ ತನಕ ಉಜ್ಜಿ, ಅದನ್ನು ಬಗ್ಗಿಸಿ ಕೂರಿಸಿದ. ಅಪ್ಪ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ತಲೆ ಕೆರೆದು, ಮತ್ತೆ ಅದೇ ಮಾತು.

"ಎಲ್ಲಾ ಅದೆ. ಏನೋ ಒಂದು ಇಲ್ಲ ಕಣ್ಲಾ."

"ಏನಿಲ್ಲ ಅಂತ ಯೋಳಪ್ಪಾ!"

"ಗೊತ್ತಿದ್ರೆ ಯೋಳ್ತಿರ್ಲಿಲ್ವಾ?"

ಇದು ಸಾಲದು ಅಂತ ಪಕ್ಕದ ಮನೆ ಆರುಮುಗಂ. ಡ್ಯೂಟಿ ಮುಗಿಸಿ ಹೋಗುವಾಗ ದಿನಾ ಕಿಟಕಿಯಲ್ಲಿ ತಲೆ ತೂರಿಸಿ, ಇದು ಹಾರುತ್ತಾ ಅಂತ ತಮಿಳಿನಲ್ಲಿ ವಿಚಾರಣೆ. "ತಂಬಿ, ಇದು ಪರಕ್ಕುಮಾ?"

"ಇಲ್ಲಣ್ಣಾ. ನೋಡಾಕೆ ಅಷ್ಟೇ."

"ಬರೀ ನೋಡಾಕೆ ಇಷ್ಟು ಕಷ್ಟನಾ? ಒಂದು ಕುರ್ಚಿ ಮಾಡಿದ್ರೆ ಕೂತ್ಕೋಬೋದಿತ್ತು."

ಅಷ್ಟರಲ್ಲಿ ಆ ವರ್ಷ, ಅರವತ್ತೈದರಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ಆಗಿ ನಿಂತಿತು. ಜವಾನರ ನಿಧಿಗೆಂದು ಬಂಗಾರಪೇಟೆಯಲ್ಲಿ ವಿಜಯದಶಮಿಯ ದಿನ ಒಂದು ವಸ್ತುಪ್ರದರ್ಶನ ಏರ್ಪಾಡಾಯಿತು. ಆದಿನಾರಾಯಣ ಹೆಸರು ಕೊಟ್ಟ. ಬೆಳಿಗ್ಗೆಯ ರೈಲಿಗೆ ವಿಮಾನ ಹೋಗಬೇಕು. ಅಷ್ಟರೊಳಗೆ ಅಪ್ಪ "ಸರಿ" ಅನ್ನಬೇಕು.

ಮುನ್ನಾದಿನ ಮಧ್ಯಾಹ್ನ ಮೂತಿಗೆ ಕೊನೆಯ ಕೋಟು ಬಣ್ಣ ಬಳಿದು ಕಿಟಕಿಯ ಮೇಲೆ ಒಣಗಲು ಇಟ್ಟ. "ಅಮ್ಮಾ, ಬಣ್ಣ ಹಸಿ ಅದೆ, ಮುಟ್ಬೇಡ" ಅಂತ ಹೇಳಿ, ಅದನ್ನು ಒಯ್ಯಲು ಒಂದು ಖಾಲಿ ರಟ್ಟಿನ ಡಬ್ಬ ಹುಡುಕಿಕೊಂಡು ಆಂಡರ್ಸನ್‌ಪೇಟೆಗೆ ಹೋದ. ಅವತ್ತು ಆಯುಧಪೂಜೆ ಅನ್ನುವುದು ಅವನ ತಲೆಗೇ ಹೋಗಿರಲಿಲ್ಲ. ಅಮ್ಮನ ತಲೆಗೆ ಹೋಗಿತ್ತು.

ವಾಪಸ್ ಬಂದು ನೋಡಿದರೆ, ನಡುಮನೆಯಲ್ಲಿ ಅವನ ಉಳಿ, ಗರಗಸ, ಅರ, ಉಪ್ಪುಕಾಗದ, ಅಮ್ಮನ ಈಳಿಗೆಮಣೆ ಎಲ್ಲ ಸಾಲಾಗಿ ಕೂತಿವೆ. ಮಧ್ಯೆ ಮಣೆಯ ಮೇಲೆ ಹರಿಕೇನ್. ರೆಕ್ಕೆಗೆ ಸೇವಂತಿಗೆ. ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಮೂತಿಯ ಹಸಿ ಬಣ್ಣದಲ್ಲಿ ಅಂಟಿಕೊಂಡು ಕೂತ ಮೂರು ಬೊಟ್ಟು ಕುಂಕುಮ.

"ಅಮ್ಮಾ! ಮುಟ್ಬೇಡ ಅಂದಿದ್ನಲ್ಲ!"

"ನಾನೆಲ್ಲಿ ಮುಟ್ದೆ? ಕುಂಕುಮ ಇಕ್ಕಿದೆ" ಅಂದಳು ವರಲಕ್ಷ್ಮಮ್ಮ. "ಸೈಕಲ್‌ಗೆ ಇಕ್ತೀವಿ, ಎತ್ತಿನ ಬಂಡಿಗೆ ಇಕ್ತೀವಿ. ನಿನ್ ಇಮಾನ ಏನ್ ಪಾಪ ಮಾಡಿತ್ತು?"

ಕುಂಕುಮ ಉಜ್ಜಿ ತೆಗೆಯಲು ಆದಿನಾರಾಯಣ ಉಪ್ಪುಕಾಗದಕ್ಕೆ ಕೈ ಹಾಕಿದ. ಅಮ್ಮ ಕೈಗೆ ಛಟ್ಟನೆ ಒಂದೇಟು ಬಿಟ್ಟಳು.

"ಪೂಜೆಗೆ ಇಕ್ಕಿರೋದು. ನಾಳೆ ಮಂಗಳಾರತಿ ಆಗೋಗಂಟ ಮುಟ್ಟಂಗಿಲ್ಲ."

"ಉಪ್ಪುಕಾಗದ ಯಾವಾಗಮ್ಮಾ ಆಯುಧ ಆಯ್ತು?"

"ಕೆಲ್ಸ ಮಾಡೋದೆಲ್ಲಾ ಆಯುಧನೇ."

"ಬೆಳಿಗ್ಗೇನೇ ರೈಲು ಅದೆ!"

"ಅದು ರೈಲಿನೋರ ತಪ್ಪು."

ಗಲಾಟೆಗೆ ಅಪ್ಪ ಮಂಚದಿಂದ ಎದ್ದು ಬಂದ. ಮೂತಿಯನ್ನೇ ನೋಡುತ್ತಾ ನಿಂತ. ಎಲೆಯಡಿಕೆ ಜಗಿಯುವುದೂ ನಿಂತಿತು.

"ಅದೇ" ಅಂದ. "ಅದೇ ಕಣ್ಲಾ ಇಲ್ದೇ ಇದ್ದಿದ್ದು."

"ಯಾವ್ದು?"

"ಕುಂಕುಮ. ಅಲ್ಲೂ ಆಯುಧಪೂಜೆ ದಿನ ಇಕ್ಕಿದ್ವಿ ನಾವು. ಬಿಳೀ ಸಾರ್ಜೆಂಟ್ ಕಂಡ್ರೆ ಚರ್ಮ ಸುಲೀತಿದ್ದ, ಕದ್ದು ಇಕ್ಕಿದ್ವಿ. ದಿನಾ ಸಾಯಂಕಾಲ ಇಮಾನ ಇಳೀತಿದ್ದಂಗೆ ಚಕ್ರ ತೊಳ್ಯೋ ನೆಪದಲ್ಲಿ ಕೆಳಕ್ಕೆ ನುಗ್ಗಿ ನೋಡ್ತಿದ್ದೆ. ಅಂಗೇ ಇರೋದು. ಅದನ್ನ ನೋಡಿದ್ ಮೇಲೇ ನಂಗೆ ಊಟ."

"ಅಂಗಾರೆ ಈಗ ಸರಿಯಾಗದಾ?"

"ಎಲ್ಲಿ ಸರಿ? ಜಾಗ ತಪ್ಪು."

ರಟ್ಟಿನ ಡಬ್ಬ ಆದಿನಾರಾಯಣನ ಕೈಯಿಂದ ಜಾರಿ ಬಿತ್ತು. ಅವನು ಅದನ್ನು ಒದ್ದ. ಅದು ಹೋಗಿ ಬಾಗಿಲಿಗೆ ಬಡಿಯಿತು. ಅಪ್ಪ ಅದ್ಯಾವುದನ್ನೂ ನೋಡಲಿಲ್ಲ. ಸೇವಂತಿಗೆ ತೆಗೆದಿಟ್ಟು, ವಿಮಾನವನ್ನು ಮಗುವಿನಂತೆ ಎತ್ತಿ ಅಂಗಾತ ಮಲಗಿಸಿದ. ಹೊಟ್ಟೆಯಲ್ಲಿ ಚಕ್ರ ಮಡಚಿಕೊಳ್ಳುವ ಗೂಡಿತ್ತಲ್ಲ, ಅದನ್ನು ಕೊರೆಯಲು ಆದಿನಾರಾಯಣ ಒಂದು ಭಾನುವಾರವಿಡೀ ಕೂತಿದ್ದ.

"ಬೆರಳೇನೂ ಆಯುಧ ಅಲ್ವಲ್ಲಮ್ಮೀ?" ಅಂತ ಹೆಂಡತಿಯನ್ನು ಕೇಳಿ, ಉತ್ತರಕ್ಕೂ ಕಾಯದೆ, ಕುಂಕುಮ ಅದ್ದಿದ ಬೆರಳನ್ನು ಗೂಡಿನೊಳಗೆ ತೂರಿಸಿ ಒತ್ತಿದ. ತಲೆ ಓರೆ ಮಾಡಿ ನೋಡಿದ.

"ಈಗ ಸರಿಯಾಗದೆ."

ಯುಗಾದಿಯಿಂದ ಕಾದಿದ್ದ ಮಾತು. ಆದರೆ ಆದಿನಾರಾಯಣನ ಬಾಯಿಂದ ಬಂದದ್ದು ಮಾತ್ರ ಬೇರೆ.

"ಮೂತಿ ಮೇಲಿರೋದು ಊರಿಗೆಲ್ಲಾ ಕಾಣ್ತದೆ. ನೀನ್ ಇಕ್ಕಿದ್ದು ಅಲ್ಲಿ ಯಾರಿಗಪ್ಪಾ ಕಾಣ್ತದೆ?"

"ಯಾರಿಗೂ ಕಾಣ್ಬಾರ್ದು ಅಂತ್ಲೇ ಕಣ್ಲಾ ಅಲ್ಲಿ ಇಕ್ಕಿದ್ದು" ಅಂದ ದೊಡ್ಡವೆಂಕಟಪ್ಪ, ಬೆರಳಲ್ಲಿ ಉಳಿದ ಕುಂಕುಮವನ್ನು ಮಗ ನಾಳೆಗೆಂದು ಇಸ್ತ್ರಿ ಮಾಡಿ ಗೂಟಕ್ಕೆ ತಗುಲಿಸಿದ್ದ ಬಿಳಿ ಅಂಗಿಗೆ ಒರೆಸುತ್ತಾ.