ಅಲ್ಲಾಡುವ ಚಪ್ಪಡಿ

ಮೇಸ್ತ್ರಿ ಕೊನೆಯ ಸಲ ಕರಣೆ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಗೋಡೆಯನ್ನು ನೋಡಿದ. ಕನ್ನಡಿಯ ಹಾಗಿತ್ತು. ಬೆಳಿಗ್ಗೆ ತಾನೇ ಹಚ್ಚಿದ್ದ ಹಸಿ ಗಾರೆಯ ಮೇಲೆ, ತಿಂಡಿ ಮುಗಿಸಿ ಬರುವಷ್ಟರಲ್ಲಿ ಯಾರೋ ಗೀರು ಎಳೆದಿದ್ದರು. ಅಲ್ಲಲ್ಲಿ ಉಂಡೆ ಮೆತ್ತಿದ್ದರು. ಹುಡುಗಿ ನೋಡಿದರೆ ಅತ್ತಾಳು ಎಂದು ನೀರು ಚಿಮುಕಿಸಿ ಎಲ್ಲವನ್ನೂ ನುಣ್ಣಗೆ ಮಾಡಿದ್ದ. ನಲವತ್ತು ವರ್ಷದ ಕೈ, ಏರುಪೇರು ಕಂಡರೆ ಸುಮ್ಮನಿರುವುದಿಲ್ಲ.

ಹುಡುಗಿ ಚಿತ್ರ ಬರೆಯುವವಳು. ಮುಡಿಯಲ್ಲಿ ಸದಾ ಪೆನ್ಸಿಲು ಸಿಕ್ಕಿಸಿಕೊಂಡಿರುವುದರಿಂದ ಬೀದಿಗೆಲ್ಲ ಪೆನ್ಸಿಲಮ್ಮ. ಹೊಸಬರಿಗೂ ಒಂದು ಅವಕಾಶ ಇರಲಿ ಎಂದು ವಾಚನಾಲಯದ ಸಮಿತಿಯವರು ಹೊರಗೋಡೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಚಿತ್ರ ಬೀದಿಯ ಪ್ರತಿಯೊಬ್ಬರದೂ ಆಗಬೇಕು, ಅದೊಂದೇ ಷರತ್ತು. ಸಂಜೆ ನಾಲ್ಕಕ್ಕೆ ನೋಡಲು ಬರುತ್ತಾರೆ. ಒಪ್ಪಿಗೆಯಾದರೆ ಉಳಿದ ಮೂರು ಗೋಡೆಗಳೂ ಅವಳಿಗೆ, ಅವಳ ಗೆಳೆಯರಿಗೆ. ಇಲ್ಲದಿದ್ದರೆ ಎಲ್ಲಕ್ಕೂ ಸುಣ್ಣ.

ತಿರುವಿನಲ್ಲಿ ಪೆನ್ಸಿಲಮ್ಮ ಕಾಣಿಸಿದಳು. ಅವಳ ಮೊಣಕೈ ಹಿಡಿದು ಮೇಸ್ತ್ರಿಯ ಅಣ್ಣ ಬರುತ್ತಿದ್ದ. ಹುಟ್ಟಿನಿಂದ ಕಣ್ಣಿಲ್ಲದವನು, ಕುರ್ಚಿಗೆ ಬೆತ್ತ ಹೆಣೆಯುವ ಕೆಲಸ.

ಗೋಡೆ ನೋಡಿದವಳೇ ನಿಂತುಬಿಟ್ಟಳು. "ಮೇಸ್ತ್ರಿ ಮಾವ, ಇಲ್ಲಿದ್ದದ್ದು ಎಲ್ಲಿ ಹೋಯ್ತು?"

"ಯಾವುದೋ ತರಲೆ ಮಕ್ಕಳು ಗೀಚಿದ್ವಮ್ಮ. ಸರಿ ಮಾಡಿದೀನಿ, ಬಿಡು."

"ಗೀಚಿದ್ದು ನಾನು. ನಮ್ಮ ಬೀದಿ ಅದು. ದೊಡ್ಡ ಮಾವನೂ ಬೆರಳಲ್ಲಿ ನೋಡಲಿ ಅಂತ. ಚಿತ್ರ ಬರೀತೀನಿ ಅಂತ ನಿಮಗೆ ಹೇಳಿದ್ನಲ್ಲ?"

"ಚಿತ್ರ ಅಂದ್ರೆ ಬಣ್ಣ ಅಂದ್ಕೊಂಡೆ," ಎಂದ ಮೇಸ್ತ್ರಿ. ಕೈಯಲ್ಲಿದ್ದ ಕರಣೆ ಭಾರವಾಯಿತು.

ಅಣ್ಣ ಅಂಗೈಯನ್ನು ಗೋಡೆಯ ಮೇಲೆ ಒಮ್ಮೆ ಆಡಿಸಿದ. "ಬೀದಿನ ಚೆನ್ನಾಗಿ ಗುಡಿಸಿದೀಯ ಕಣೋ. ಒಂದು ಮನೆ ಉಳಿಸಿಲ್ಲ."

ಹುಡುಗಿ ನಗಲಿಲ್ಲ. ಮೇಸ್ತ್ರಿ ಹೆಬ್ಬೆರಳು ಒತ್ತಿ ನೋಡಿದ. ಗಾರೆ ಇನ್ನೂ ಮೆದುವಾಗಿತ್ತು.

"ಒಂದು ಗಂಟೆ ಟೈಮಿದೆ. ಆಮೇಲೆ ಕಲ್ಲಾಗುತ್ತೆ."

"ಅಷ್ಟರಲ್ಲಿ ನನ್ನೊಬ್ಬಳ ಕೈಲಿ ಆಗಲ್ಲ ಮಾವ."

"ಒಬ್ಬಳೇ ಮಾಡು ಅಂದವರ್ಯಾರು?"

ಅವಳು ಗೀರು ಎಳೆಯುತ್ತ ಹೋದಳು, ಮೇಸ್ತ್ರಿ ಗಾರೆ ಮೆತ್ತುತ್ತ ಹೋದ. ಮೆತ್ತಿದ್ದನ್ನು ಕೈ ತನ್ನಷ್ಟಕ್ಕೆ ಸವರಿಬಿಡುತ್ತಿತ್ತು. ಅವಳು ಎರಡು ಸಲ ಗದರಿದ ಮೇಲೆ ಕರಣೆಯನ್ನು ಬಾಂಡಲಿಗೆ ಹಾಕಿ ಬರಿಗೈಯಲ್ಲೇ ಶುರು ಮಾಡಿದ. ಅಣ್ಣ ಮುಟ್ಟಿ ಮುಟ್ಟಿ ಹೇಳುತ್ತಿದ್ದ.

"ಬೇಕರಿಗೆ ಎರಡು ಮೆಟ್ಲು. ಮೇಲಿನದು ಮುರಿದಿದೆ, ಮುರಿ."

"ಮುರುಕು ಮೆಟ್ಲು ಮಾಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಮುರಿದಿರೋದಕ್ಕೇ ಅದು ಬೇಕರಿ ಅಂತ ನಂಗೊತ್ತಾಗೋದು. ಮುಂದೆ ನಮ್ಮನೆ. ಬಾಗಿಲ ಮುಂದೆ ಚಪ್ಪಡಿ, ಒಂದು ಮೂಲೆ ಎದ್ದಿರಬೇಕು. ಕಾಲಿಟ್ರೆ ಅಲ್ಲಾಡುತ್ತೆ."

"ಅದೆಲ್ಲಿ ಅಲ್ಲಾಡುತ್ತೆ? ಹೋದ ವರ್ಷ ನಾನೇ ಸಿಮೆಂಟ್ ಹಾಕಿ ಕೂರಿಸಿದೆ."

"ಹೂಂ, ಕೂರಿಸಿದೆ," ಎಂದ ಅಣ್ಣ.

ಮೇಸ್ತ್ರಿಯ ಕೈ ನಿಂತಿತು. ಹೋದ ವರ್ಷ, ಅದನ್ನು ಕೂರಿಸಿದ ಮೇಲೆ, ಅಣ್ಣ ವಾರವೆಲ್ಲ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದ. ವಯಸ್ಸಾಯಿತು, ಮರೆವು ಎಂದು ತಾನೂ ಹೆಂಡತಿಯೂ ಮಾತಾಡಿಕೊಂಡಿದ್ದರು. ಆಮೇಲಿಂದ ಅಣ್ಣ ಒಬ್ಬನೇ ಹೊರಗೆ ಹೋಗುವುದು ಕಡಿಮೆಯಾಗಿತ್ತು.

ಮೇಸ್ತ್ರಿ ಒಂದು ಚಿಟಿಕೆ ಗಾರೆ ತೆಗೆದು, ಒಂದು ಮೂಲೆ ಮೇಲೆದ್ದಂತೆ ಮೆತ್ತಿದ. ಸವರಲಿಲ್ಲ.

ನಾಲ್ಕಕ್ಕೆ ಸಮಿತಿಯವರು ಬಂದರು. ಅಧ್ಯಕ್ಷೆ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಅಣ್ಣನ ಬೆರಳ ಹಿಂದೆಯೇ ತನ್ನ ಬೆರಳು ಸಾಗಿಸಿದರು. ಬೇಕರಿಯ ಹತ್ತಿರ ಬೆರಳು ಎಡವಿ ನಕ್ಕರು. ಹೊರಡುವಾಗ, "ಉಳಿದ ಗೋಡೆಗಳಿಗೆ ಗಾರೆ ಯಾವತ್ತು?" ಎಂದು ಕೇಳಿದರು. ಪೆನ್ಸಿಲಮ್ಮ ಮೇಸ್ತ್ರಿಯ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ತನ್ನ ಮನೆಯ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೊತ್ತು ಹಿಡಿಯಿತು, ಗಟ್ಟಿ ಕೆಲಸ, ಅವನದೇ. ಕೊನೆಗೆ ಸಿಮೆಂಟು ಬಿಟ್ಟುಕೊಂಡಿತು. ಎದ್ದು ನಿಂತು ಚಪ್ಪಡಿಯ ಮೂಲೆಗೆ ಮೈಭಾರ ಹಾಕಿದ. ಕಲ್ಲು ಟಕ್ಕೆಂದಿತು. ಒಳಗೆ ಬೆತ್ತ ಎಳೆಯುವ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.