ಹಿಡಿತ

"ಅಯ್ಯೋ ಅಕ್ಕಾ, ಇದಕ್ಕಿನ್ನೂ ಜೀವ ಇದೆ!"

ಹುಡುಗಿ ಚಾಪ್‌ಸ್ಟಿಕ್ ಕೆಳಗಿಟ್ಟು ಕೈ ಹಿಂದಕ್ಕೆಳೆದುಕೊಂಡಳು. ತಟ್ಟೆಯಲ್ಲಿ ನಕ್ಜಿ ಎಂಬ ಪುಟ್ಟ ಆಕ್ಟೋಪಸ್ಸಿನ ಕಾಲಿನ ತುಂಡುಗಳು ಒಂದರ ಮೇಲೊಂದು ಹತ್ತಿ ಹೊರಳುತ್ತಿದ್ದವು. ಮದುವೆಯಾಗಿ ಕೊರಿಯಾದ ಈ ಕಡಲೂರು ಮೊಕ್ಪೊಗೆ ಹೊಸದಾಗಿ ಬಂದವಳು. ಪಕ್ಕದಲ್ಲಿ ಗಂಡ ಕಿಸಕ್ಕನೆ ನಕ್ಕ.

ಮೂವತ್ತು ವರ್ಷದಿಂದ ಸಂತೆಯಲ್ಲಿ ನಕ್ಜಿ ಮಾರುವ ಬೊಂಗ್‌ಸಿಮ್‌ಳ ಉತ್ತರ ಈ ಮಾತಿಗೆ ಒಂದೇ. "ಜೀವ ಎಲ್ಲಿದೆ ಮಗಳೇ? ತಲೆ ಅಗೋ ಅಲ್ಲಿ ಬಿದ್ದಿದೆ. ಆಡ್ತಿರೋದು ಬರೀ ನರ. ಚೆನ್ನಾಗಿ ಅಗಿದು ನುಂಗು, ಇಲ್ಲಾಂದ್ರೆ ಗಂಟಲಲ್ಲಿ ಅಂಟ್ಕೊಂಡು ನಿನ್ನ ಗಂಡನಿಗೆ ಎರಡನೇ ಮದುವೆ ಮಾಡಿಸುತ್ತೆ!" ಸಂತೆಯೆಲ್ಲ ನಗಬೇಕು, ಹುಡುಗಿ ಕಣ್ಮುಚ್ಚಿ ಬಾಯಿಗಿಡಬೇಕು.

ಈ ದಿನ ಮಾತು "ತಲೆ" ಎಂಬಲ್ಲಿಗೆ ಬಂದು ನಿಂತುಬಿಟ್ಟಿತು. ಬೆಳಿಗ್ಗೆ ಡಾಕ್ಟರು ಹೇಳಿದ್ದೂ ಅದೇ. ಕಡಲಂಚಿನ ಕೆಸರುಬಯಲಲ್ಲಿ ನಕ್ಜಿ ಅಗೆಯುತ್ತಲೇ ಕುಸಿದ ಅವಳ ಗಂಡ ಚಿಲ್‌ಬೋಕ್ ವಾರದಿಂದ ಉಸಿರಿನ ಯಂತ್ರದ ಮೇಲಿದ್ದ. "ತಲೇಲಿ ಏನೂ ಉಳಿದಿಲ್ಲಮ್ಮ. ಬೆರಳು ಆಡೋದು ಬರೀ ನರ. ಯಂತ್ರ ತೆಗೆಯೋದಾದ್ರೆ ಮಧ್ಯಾಹ್ನ ಹೇಳಿ."

ಅಂಗಡಿಯ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನಾದಿನಿ ಮಲ್‌ಸುಕ್ ಬೆಳಗಿನಿಂದ ಅದನ್ನೇ ಹಿಡಿದು ಜಗ್ಗುತ್ತಿದ್ದಳು. "ಅತ್ತಿಗೆ, ನಿನ್ನೆ ಅಣ್ಣ ನನ್ನ ಬೆರಳು ಹಿಡ್ಕೊಂಡ. ಬಿದ್ದ ಎತ್ತನ್ನೂ ಎಬ್ಬಿಸುತ್ತೆ ಅನ್ನೋ ನಕ್ಜಿ ನಿನ್ನ ತೊಟ್ಟೀಲಿದೆ. ಒಂದು ಗಂಜಿ ಮಾಡಿ ಒಯ್ಯಬಾರ್ದಾ?"

"ಯಾವ ಬಾಯಿಗೆ ಹಾಕ್ತೀಯೇ? ಬಾಯ್ತುಂಬ ಕೊಳವೆ ಇದೆ."

ಅಷ್ಟರಲ್ಲಿ ಹುಡುಗಿ ಮೆಲ್ಲಗೆ ಕೇಳಿದಳು. "ಇದರ ನರ ತಲೆಗಿಂತ ಕಾಲಲ್ಲೇ ಜಾಸ್ತಿ ಅಂತಲ್ಲಕ್ಕಾ? ತಲೆ ಹೋದ್ರೂ ಕಾಲಿಗೆ ಗೊತ್ತಾಗಲ್ವಾ?"

ಕಡಿದ ಕಾಲು ಉಪ್ಪು ತಾಗಿದರೆ ಮುದುರಿಕೊಳ್ಳುವುದನ್ನು ಬೊಂಗ್‌ಸಿಮ್ ದಿನವೂ ಕಂಡವಳು. ಕಂಡೂ ಕಾಣದಂತೆ ಮೇಲೆ ಎಳ್ಳೆಣ್ಣೆ ಸುರಿಯುವವಳು. ನಕ್ಜಿ ಕೈಗೆ ಅಂಟಿ ಹಿಡಿದರೆ ಎಳೆಯಬಾರದು, ಚರ್ಮವೇ ಕಿತ್ತು ಬಂದೀತು. ನಾಲ್ಕು ತೊಟ್ಟು ಎಣ್ಣೆ ಬಿಟ್ಟರೆ ಎಂಥ ಹಿಡಿತವೂ ಜಾರುತ್ತದೆ. ಸೀಸೆ ಸದಾ ಅವಳ ಏಪ್ರನ್ನಿನ ಜೇಬಿನಲ್ಲೇ.

ಹಲಗೆಯ ಅಂಚನ್ನು ಒಂದು ಕಾಲಿನ ತುದಿ ಇನ್ನೂ ಕಚ್ಚಿ ಹಿಡಿದಿತ್ತು. ಸುತ್ತ ಯಾರೂ ಇಲ್ಲದ ಹಾಗೆ ಅವಳು ಅದನ್ನೇ ನೋಡಿದಳು. ಅದು ಏನನ್ನೋ ತಡಕಿ ಹುಡುಕುತ್ತಿದೆ ಅನ್ನಿಸಿತು.

"ಅದು ಆಡೋದು ನಿಲ್ಲೋವರೆಗೂ ತಿನ್ನಬೇಡ ಮಗಳೇ" ಎಂದಳು.

"ನಿಂತ ಮೇಲೆ ಏನಿದೆ ರುಚಿ? ಅಕ್ಕನಿಗೆ ಇವತ್ತೇನೋ ಆಗಿದೆ!" ಎಂದ ಹುಡುಗಿಯ ಗಂಡ. ಆದರೂ ಮೂವರೂ ಕಾದರು. ತುಂಡುಗಳು ಒಂದೊಂದಾಗಿ ಸುಮ್ಮನಾದವು.

ಮಧ್ಯಾಹ್ನ ಬೊಂಗ್‌ಸಿಮ್ ಏಪ್ರನ್ ಬಿಚ್ಚದೆಯೇ ಆಸ್ಪತ್ರೆಗೆ ಹೋದಳು. ಡಾಕ್ಟರಿಗೆ "ತೆಗೀರಿ" ಎಂದಳು. ಮಲ್‌ಸುಕ್ ಗೋಡೆಗೆ ಹಣೆ ಹಚ್ಚಿ ನಿಂತಳು. ನರ್ಸು ಯಂತ್ರ ನಿಲ್ಲಿಸಿದಳು. ಕೋಣೆ ಒಮ್ಮೆಲೇ ಮೌನವಾಯಿತು. ಬೊಂಗ್‌ಸಿಮ್ ಗಂಡನ ಅಂಗೈಯಲ್ಲಿ ತನ್ನ ತೋರುಬೆರಳಿಟ್ಟಳು. ಕೆಸರು ಬಗೆದು ಬಗೆದು ಒರಟಾದ ಆ ಬೆರಳುಗಳು ನಿಧಾನವಾಗಿ ಮಡಿಚಿ, ಅವಳ ಬೆರಳನ್ನು ಬಿಗಿಯಾಗಿ ಸುತ್ತಿಕೊಂಡವು.

"ಅತ್ತಿಗೆ! ನೋಡು, ನೋಡು!" ಮಲ್‌ಸುಕ್ ತಿರುಗಿ ನೋಡಿ ಚೀರಿದಳು.

"ಅದು ನರ ಅಷ್ಟೇ ಅಮ್ಮ, ಹೀಗಾಗುತ್ತೆ" ಎಂದಳು ನರ್ಸು ಮೆಲುದನಿಯಲ್ಲಿ. "ಬೆರಳು ಬಿಡಿಸಿಕೊಡ್ಲಾ?"

"ಗೊತ್ತಮ್ಮ. ಇರ್ಲಿ" ಎಂದಳು ಬೊಂಗ್‌ಸಿಮ್. "ತಾನಾಗೇ ಬಿಡ್ಲಿ."

ಅವಳ ಇನ್ನೊಂದು ಕೈ ಜೇಬಿನೊಳಗಿತ್ತು, ಎಳ್ಳೆಣ್ಣೆಯ ಸೀಸೆಯ ಮುಚ್ಚಳವನ್ನು ಬಿಗಿಯಾಗಿ ಒತ್ತಿ ಹಿಡಿದು.